ಲೋಜ್‌ಬಾನ್ ಭಾಷೆಯಲ್ಲಿ ಅಂಕಿತನಾಮಗಳ ಉಚ್ಚಾರಣೆ

ಒಂದು ಭಾಷೆಯವರ ಹೆಸರು ಮತ್ತೊಂದು ಭಾಷೆಯವರ ಬಾಯಿಗೆ ಬಿದ್ದಾಗ ವಿಕಾರ ಹೊಂದುವುದು ಸಹಜವೇ ಸರಿ. ಸಂಸ್ಕೃತಶಬ್ದಗಳು ಕನ್ನಡಕ್ಕೆ ಬರುವಾಗ ತಳೆಯುವ ರೂಪಗಳನ್ನು ಕೇಶಿರಾಜನು ಅಪಭ್ರಂಶಪ್ರಕರಣದಲ್ಲಿ ಕ್ರಮಗೊಳಿಸಿದ್ದಾನೆ. ಅಲ್ಲಿ ನಾಲಗೆ ಮುಂದೆ ನಡೆಯಿತು, ಸೂತ್ರವು ಹಿಂದಿನಿಂದ ಬಂದಿತು. ಸೂತ್ರವೇ ಮೊದಲು ಹುಟ್ಟಿದ ಭಾಷೆಯೊಂದರಲ್ಲಿ ಹೆಸರುಗಳ ಗತಿಯೇನಾಗುವುದೆಂಬುದು ವಿಚಾರಾರ್ಹವಾದ ಸಂಗತಿ.

ಅಮೆರಿಕದ ಜೇಮ್ಸ್ ಕುಕ್ ಬ್ರೌನ್ ಎಂಬವರು 1955ರಲ್ಲಿ ಲಾಗ್‌ಲ್ಯಾನ್ ಎಂಬ ತರ್ಕಬದ್ಧ ಭಾಷೆಯ ರಚನೆಗೆ ತೊಡಗಿದರು. 1987ರಲ್ಲಿ ಅದರಿಂದ ಕವಲೊಡೆದುದೇ ಲೋಜ್‌ಬಾನ್. ಇದರ ವಿಸ್ತಾರವಾದ ವ್ಯಾಕರಣವನ್ನು ಜಾನ್ ಕೋವನ್ ಅವರು 1997ರಲ್ಲಿ ಪ್ರಕಟಿಸಿದರು. ಆಡಿದ ಮಾತನ್ನು ಕೇಳುವವನು ಒಂದೇ ರೀತಿಯಲ್ಲಿ ಪದಚ್ಛೇದ ಮಾಡಲು ಸಾಧ್ಯವಾಗಬೇಕು, ಎರಡನೆಯ ರೀತಿಗೆ ಅವಕಾಶವೇ ಇರಕೂಡದು ಎಂಬುದು ಇದರ ಪ್ರತಿಜ್ಞೆ.

ಈ ಪ್ರತಿಜ್ಞೆಯಿಂದಲೇ ಹೆಸರುಗಳ ಮುಖ್ಯ ನಿಯಮವು ಒದಗಿದೆ. ಅಲ್ಲಿಯ ಇತರ ಶಬ್ದಗಳೆಲ್ಲವೂ ಸ್ವರಾಂತಗಳು; ಅಂಕಿತನಾಮವೊಂದೇ ವ್ಯಂಜನಾಂತ. ಹೆಸರಿನ ಹಿಂದೆ ‘ಲ’ ಎಂಬ ಸೂಚಕಾವ್ಯಯವೂ, ಕೊನೆಯಲ್ಲಿ ಕ್ಷಣಮಾತ್ರದ ವಿರಾಮವೂ ಇರತಕ್ಕವು. ಸ್ವರಾಂತವಾದ ಹೆಸರಿಗೆ ವಾಡಿಕೆಯಲ್ಲಿ ಸಕಾರವನ್ನೋ ನಕಾರವನ್ನೋ ಹತ್ತಿಸುತ್ತಾರೆ. ‘ಬಸ್’ ಎಂಬುದನ್ನು ‘ಬಸ್ಸು’ ಎಂದು ಉಕಾರಾಂತ ಮಾಡಿಕೊಂಡ ನಮಗೆ ಇದು ವಿಪರೀತವೆಂದು ತೋರಬಹುದು. ಆದರೆ ರಾಮನೆಂಬವನು ಅಲ್ಲಿ ‘ರಮನ್’ ಆದರೆ ಹಳಗನ್ನಡದ ‘ರಾಮನ್’ ನೆನಪಾಗುತ್ತದೆ. ‘ರಮಸ್’ ಆದರೆ ಸಂಸ್ಕೃತದ ಪ್ರಥಮಾವಿಭಕ್ತಿಯ ಸಕಾರವು ನೆನಪಾಗುತ್ತದೆ. ಇದು ಕೇವಲ ಆಕಸ್ಮಿಕವೆಂದು ಬೇರೆ ಹೇಳಬೇಕಾಗಿಲ್ಲ.

‘ಕಮಲಾ’ ಎಂಬ ಹೆಸರು ಇನ್ನೂ ಸ್ವಾರಸ್ಯವಾದ ತೊಡಕನ್ನು ತಂದೊಡ್ಡುತ್ತದೆ. ಕೇಳುಗನು ಕೊನೆಯ ವ್ಯಂಜನವನ್ನು ಹಿಡಿದು ಹಿಂದಕ್ಕೆ ಸರಿಯುತ್ತ, ‘ಲ’ ಸಿಕ್ಕಿದೆಡೆಯಲ್ಲಿ ಹೆಸರಿನ ಆರಂಭವನ್ನು ಗುರುತಿಸಬೇಕೆಂಬುದು ಹಳೆಯ ಪದ್ಧತಿ. ‘ಲ ಕಮಲಸ್’ ಎಂದರೆ ಅವನಿಗೆ ಮೊದಲು ಸಿಕ್ಕುವುದು ಹೆಸರಿನ ಒಳಗಿನ ಲಕಾರವೇ! ಹೆಸರು ‘ಸ್’ ಎಂಬಷ್ಟೇ ಆಗಿ, ‘ಕಮ’ ಎಂಬುದು ಅನಾಥವಾಗುತ್ತದೆ. ಆದಕಾರಣ ಸ್ವರದ ಮುಂದೆ ‘ಲ’ ಬರುವ ಹೆಸರುಗಳನ್ನು ಹಳೆಯ ನಿಯಮವು ನಿಷೇಧಿಸಿತ್ತು. ಒಬ್ಬಳ ಹೆಸರನ್ನೇ ವ್ಯಾಕರಣವು ಅಸಾಧುವೆನ್ನುವುದು ಅನುಚಿತವೆಂದೇ ನನ್ನ ಮತ. ಹೆಸರಿಗೆ ಮುಂಚೆಯೂ ತಪ್ಪದೆ ವಿರಾಮ ಕೊಡಬೇಕೆಂಬ ನಿಯಮವು ಆಮೇಲೆ ರೂಢಿಗೆ ಬಂದು ಈ ನಿಷೇಧವನ್ನು ತೊಲಗಿಸಿತು. ಈಗ ಕೇಳುಗನು ವಿರಾಮದವರೆಗೆ ಸರಿದರೆ ಸಾಕು.

ವರ್ಣಗಳ ವಿಷಯದಲ್ಲಿ ನಷ್ಟವು ಹೆಚ್ಚು. ಆರು ಸ್ವರ, ಹದಿನೇಳು ವ್ಯಂಜನಗಳಲ್ಲಿ ದೀರ್ಘಭೇದವಿಲ್ಲ, ಮಹಾಪ್ರಾಣಗಳಿಲ್ಲ, ಟವರ್ಗ ಳಕಾರಗಳಿಲ್ಲ. ಸಜಾತೀಯ ದ್ವಿತ್ವವು ನಿಷಿದ್ಧವಾದುದರಿಂದ ಬಸಪ್ಪನು ‘ಬಸಪಸ್’ ಆಗುತ್ತಾನೆ. ರಾಮನೂ ರಮೆಯೂ, ‘ರಮಾ’ ಎಂದು ಬರೆದುಕೊಂಡರೆ, ಇಬ್ಬರೂ ‘ರಮಸ್’. ಸ್ತ್ರೀಪುರುಷರನ್ನು ಬೇರ್ಪಡಿಸುವ ಹ್ರಸ್ವದೀರ್ಘಗಳೇ ಅಳಿದುಹೋದ ಮೇಲೆ, ಸಂದೇಹವೇ ಇಲ್ಲದ ಭಾಷೆಯಲ್ಲಿ ಯಾರನ್ನು ಕರೆದರೆಂಬ ಸಂದೇಹವು ಉಳಿಯುತ್ತದೆ. ಹಕಾರವು ಎರಡು ಸ್ವರಗಳ ನಡುವೆ ಮಾತ್ರ ನಿಲ್ಲಬಲ್ಲುದು. ಪದಾದಿಯಲ್ಲಿ ಕಂಠದಿಂದ ಉಜ್ಜಿಬರುವ ‘ಖ಼’ಕಾರವನ್ನು ಅದಕ್ಕೆ ಬದಲಾಗಿ ಇಡಬಹುದು. ಹಾಗೆ ಮಾಡಿದರೆ ಹರಿಹರನು ‘ಖ಼ರಿಹರಸ್’ ಆಗಿ, ಅವನ ಎರಡು ಹಕಾರಗಳು ಎರಡು ದಾರಿ ಹಿಡಿಯುತ್ತವೆ. ಒತ್ತು ಸಾಮಾನ್ಯವಾಗಿ ಉಪಾಂತ್ಯಾಕ್ಷರದ ಮೇಲೆ. ಬೇರೆಡೆಯಿದ್ದರೆ ಬರವಣಿಗೆಯಲ್ಲಿ ದೊಡ್ಡಕ್ಷರದಿಂದ ತೋರಿಸುತ್ತಾರೆ. ಒತ್ತು ಅರ್ಥಭೇದಕವಲ್ಲದ ಕನ್ನಡಕ್ಕೆ ಇದರಿಂದ ಹೆಚ್ಚಿನ ಬಾಧೆಯಿಲ್ಲ.

ಈ ವಿಕಾರಗಳನ್ನು ಒಪ್ಪದವರಿಗೆ ಎರಡು ಮಾರ್ಗಗಳುಂಟು. ‘ಲಹೊ’ ಎಂಬ ಅವ್ಯಯವನ್ನು ಹಿಡಿದು, ಗಡಿಯಾಗಿ ಒಂದು ಶಬ್ದವನ್ನು ಮುಂದೆಯೂ ಹಿಂದೆಯೂ ಇಟ್ಟರೆ, ನಡುವೆ ಹೆಸರನ್ನು ಅದರ ಸ್ವಭಾಷೆಯ ಉಚ್ಚಾರಣೆಯಲ್ಲಿಯೇ ಹೇಳಬಹುದು. ಆಗ ರಾಮನೂ ರಮೆಯೂ ಬೇರೆಯಾಗಿಯೇ ನಿಲ್ಲುತ್ತಾರೆ. ಆದರೆ ಪ್ರತಿಸಲವೂ ಇಷ್ಟು ಸಂಭ್ರಮದಿಂದ ಒಬ್ಬರನ್ನು ಕರೆಯುವುದು ಆಯಾಸಕರ. ಎರಡನೆಯದು ಹೆಸರಿನ ಅರ್ಥವನ್ನೇ ಹಿಡಿಯುವುದು. ತಾವರೆಗೆ ಆ ಭಾಷೆಯಲ್ಲಿ ‘ಲತ್ನ’ ಎಂಬ ಧಾತುಶಬ್ದವಿದೆ. ಕಮಲಾ ಎಂಬವಳು ‘ಲ ಲತ್ನ’ ಎನಿಸಿಕೊಳ್ಳಬಹುದು. ಆಗ ಸಕಾರವೂ ಬೇಡ, ವ್ಯಂಜನಾಂತದ ನಿರ್ಬಂಧವೂ ಇಲ್ಲ. ಅಂಕಿತವಾಗಿದ್ದುದು ಅನ್ವರ್ಥದಂತೆ ಕೇಳಿಬರುತ್ತದೆ. ತಾಯಿ ಕೂಗುತ್ತಿದ್ದ ಧ್ವನಿಯಾದರೋ ಅದರಲ್ಲಿ ಒಂದಿಷ್ಟೂ ಉಳಿದಿರುವುದಿಲ್ಲ.