ಹಾಲು ಉಕ್ಕಿ ಒಲೆ ಆರಿದ್ರೆ ಗ್ಯಾಸ್ ತಾನಾಗೇ ಬಂದ್: ಏನಿದು ಸೆನ್ಸರ್?

ಒಲೆ ಮೇಲೆ ಹಾಲಿಟ್ಟು, ಬಾಗಿಲಿಗೆ ಬಂದವರ ಜೊತೆ ಮಾತಿಗೆ ನಿಂತಿದ್ದೀರಿ. ಹಾಲು ಉಕ್ಕಿ ಬೆಂಕಿ ಆರಿತು. ಆದ್ರೆ ಗ್ಯಾಸ್ ಬರ್ತಾನೇ ಇರುತ್ತೆ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ತುಂಬಿಕೊಳ್ಳುತ್ತೆ. ಆಮೇಲೆ ಲೈಟ್ ಸ್ವಿಚ್ ಒತ್ತಿದ್ರೂ ಅನಾಹುತ ಆಗಬಹುದು. ಗಾಳಿಗೆ ಒಲೆ ಆರುವ ರಸ್ತೆಬದಿ ಟೀ ಅಂಗಡಿಗಳಿಗೂ ಇದೇ ಭಯ.

ಇದನ್ನು ತಡೆಯೋಕೆ ಕೆಲವು ಒಲೆಗಳಲ್ಲಿ ‘ಫ್ಲೇಮ್ ಫೇಲ್ಯೂರ್ ಡಿವೈಸ್’ ಇರುತ್ತೆ. ಬರ್ನರ್ ಪಕ್ಕದಲ್ಲಿ ಕಾಣುವ ಸಣ್ಣ ಲೋಹದ ಕಡ್ಡಿಯೇ ಅದರ ಸೆನ್ಸರ್, ಹೆಸರು ಥರ್ಮೋಕಪಲ್. ಎರಡು ಬೇರೆ ಬೇರೆ ಲೋಹ ಸೇರಿಸಿ ಮಾಡಿದ ಈ ಕಡ್ಡಿ, ಬೆಂಕಿಯ ಬಿಸಿಗೆ ತಾನೇ ಚೂರು ಕರೆಂಟ್ ಹುಟ್ಟಿಸುತ್ತೆ. ಗ್ಯಾಸ್ ವಾಲ್ವ್ ತೆರೆದು ಹಿಡಿಯೋದು ಅದೇ ಕರೆಂಟ್. ಬೆಂಕಿ ಆರಿ ಕಡ್ಡಿ ತಣ್ಣಗಾದ್ರೆ ವಾಲ್ವ್ ಮುಚ್ಚಿಕೊಳ್ಳುತ್ತೆ.

ಒಲೆ ಹಚ್ಚುವಾಗ ಕಡ್ಡಿ ಬಿಸಿಯಾಗೋವರೆಗೆ ನಾಬ್ ಕೆಲವು ಸೆಕೆಂಡ್ ಒತ್ತಿ ಹಿಡಿಯಬೇಕು. ಅದು ಒಲೆಯ ದೋಷ ಅಲ್ಲ. ಕಡ್ಡಿಗೆ ಜಿಡ್ಡು ಕಟ್ಟಿದ್ರೆ ಮಾತ್ರ ಒಲೆ ಹಚ್ಚಿದರೂ ನಿಲ್ಲಲ್ಲ, ಆಗಾಗ ಒರೆಸಿ. ಹೊಸ ಒಲೆ ಕೊಳ್ಳುವಾಗ ಎಲ್ಲಾ ಬರ್ನರ್‌ಗೂ ಈ ಸೆನ್ಸರ್ ಇದೆಯಾ ಅಂತ ಕೇಳಿ. ಅಂಗಡಿಯಲ್ಲೇ ಬರ್ನರ್ ಪಕ್ಕ ಕಡ್ಡಿ ನೋಡಿಕೊಳ್ಳಿ.

ಒಂದು ಮಾತು ನೆನಪಿರಲಿ: ಪೈಪ್ ಅಥವಾ ರೆಗ್ಯುಲೇಟರ್ ಲೀಕ್ ಆದ್ರೆ ಈ ಸೆನ್ಸರ್‌ಗೆ ಗೊತ್ತಾಗಲ್ಲ. ಗ್ಯಾಸ್ ವಾಸನೆ ಬಂದ್ರೆ ಸ್ವಿಚ್ ಮುಟ್ಟಬೇಡಿ. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆದು ಹೊರಗೆ ಬನ್ನಿ, 1906ಕ್ಕೆ ಫೋನ್ ಮಾಡಿ.