ತೂಕದ ಹ್ಯಾಂಡ್‌ಹೆಲ್ಡ್‌ಗೆ ಬೀಗ ಏಕೆ?

ನಮ್ಮ ಖರೀದಿ ಕೇಂದ್ರಗಳಲ್ಲಿ ಅಡಿಕೆ, ಕಾಫಿ ಚೀಲಗಳ ತೂಕವನ್ನೂ ದರ್ಜೆಯನ್ನೂ ಈಗ ಹ್ಯಾಂಡ್‌ಹೆಲ್ಡ್ ಯಂತ್ರದಲ್ಲಿ ದಾಖಲಿಸಲಾಗುತ್ತಿರುವುದು ಸದಸ್ಯ ಬಾಂಧವರಿಗೆ ತಿಳಿದೇ ಇದೆ. ಅದರಲ್ಲಿ ತೂಕದ ಪರದೆಯೊಂದನ್ನು ಬಿಟ್ಟು ಬೇರೇನೂ ತೆರೆಯುವುದಿಲ್ಲ. ಇಷ್ಟು ಬೆಲೆ ಕೊಟ್ಟು ತಂದದ್ದಕ್ಕೆ ಈ ಕಟ್ಟುಪಾಡು ಏಕೆ ಎಂದು ಕೆಲವರು ಕೇಳಿದ್ದಾರೆ. ಪ್ರಶ್ನೆ ಸಹಜವಾದುದೇ.

ಯಂತ್ರದ ಗಟ್ಟಿತನ ಬೇರೆ, ಲೆಕ್ಕದ ಭದ್ರತೆ ಬೇರೆ. ಐಪಿ 67 ಎಂದು ನಮೂದಿಸಿದ್ದರೆ, 6 ಎಂಬುದು ಧೂಳು ಒಳಹೋಗದೆಂದೂ, 7 ಎಂಬುದು ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿದ್ದರೂ ಕೆಡದೆಂದೂ ಸೂಚಿಸುತ್ತದೆ. ನಮ್ಮ ಮಳೆಗೂ ಅಡಿಕೆಯ ಧೂಳಿಗೂ ಇದು ಬೇಕೇ ಬೇಕು. ಆದರೆ ಒಳಗಿರುವುದು ಎಲ್ಲರ ಜೇಬಿನಲ್ಲಿರುವ ಅದೇ ಆಂಡ್ರಾಯ್ಡ್. ಹಾಗೆಯೇ ಬಿಟ್ಟರೆ ಸಂಜೆಯೊಳಗೆ ಅದರಲ್ಲಿ ಕ್ರಿಕೆಟ್ಟೂ ಇರುತ್ತದೆ, ಎಲ್ಲಿಂದಲೋ ಬಂದ ಆ್ಯಪೂ ಇರುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ದಿನಾಂಕ. ರಾಶಿಯ ಧಾರಣೆ ದಿನಕ್ಕೊಂದು. ಗಡಿಯಾರವನ್ನು ಒಂದು ದಿನ ಹಿಂದಕ್ಕೆ ತಿರುಗಿಸಿದರೆ ಮಂಗಳವಾರ ಬಂದ ಚೀಲ ಸೋಮವಾರದ ಧಾರಣೆಗೆ ಬೀಳಬಹುದು. ಚೀಲ ಒಂದಾದರೆ ವ್ಯತ್ಯಾಸ ಅಲ್ಪ. ಐವತ್ತು ಚೀಲ ತಂದವರಿಗೆ ಕೂಲಿಯ ಬಾಬ್ತು ಅದರಲ್ಲೇ ಹೋಗಬಹುದು. ದುರುದ್ದೇಶವೇ ಬೇಕೆಂದಿಲ್ಲ, ಯಾರಾದರೂ ಸುಮ್ಮನೆ ಕೈಯಾಡಿಸಿದರೂ ಸಾಕು. ಆದುದರಿಂದ ದಿನಾಂಕ, ಸಮಯ ಬದಲಾಯಿಸುವುದನ್ನು ಗುಮಾಸ್ತರ ಕೈಗೆ ಬಿಟ್ಟಿಲ್ಲ.

ಇಂತಹ ಬೀಗ ಹಾಕುವ ಅನುಕೂಲ 2014ರ ಆಂಡ್ರಾಯ್ಡ್ 5ರಿಂದ ಬಂದಿದೆ. ಯಂತ್ರ ಹೊಸದಾಗಿರಬೇಕು, ಇಲ್ಲವೇ ಪೂರ್ತಿ ಅಳಿಸಿದ್ದಾಗಿರಬೇಕು. ಸ್ವಾಗತ ಪರದೆಯ ಮೇಲೆ ಒಂದೇ ಕಡೆ ಆರು ಸಲ ತಟ್ಟಿದರೆ ಕ್ಯೂಆರ್ ಕೋಡ್ ಓದುವ ವ್ಯವಸ್ಥೆ ತೆರೆಯುತ್ತದೆ. ನಿರ್ವಹಣಾ ತಂತ್ರಾಂಶ ಕೊಟ್ಟ ಕೋಡನ್ನು ಓದಿಸಿದಾಗ ಯಂತ್ರ ಸಂಘದ ಹತೋಟಿಗೆ ಬರುತ್ತದೆ. ಪೆಟ್ಟಿಗೆ ಬಿಚ್ಚಿದ ಉತ್ಸಾಹದಲ್ಲಿ ಮೊದಲೇ ಯಾರಾದರೂ ತಮ್ಮ ಜಿಮೇಲ್ ಹಾಕಿ ಬಳಸತೊಡಗಿದರೆ ಎಲ್ಲವನ್ನೂ ಅಳಿಸಿ ಪುನಃ ಆರಂಭಿಸಬೇಕಾಗುತ್ತದೆ. ಹೊಸ ಆ್ಯಪ್ ತಡೆಯುವುದು, ಯುಎಸ್‌ಬಿ ತಂತಿಯಿಂದ ಕಡತ ತೆಗೆಯದಂತೆ ಮಾಡುವುದು, ನವೀಕರಣವನ್ನು ರಾತ್ರಿಗೆ ಗೊತ್ತುಪಡಿಸುವುದು ಇವೆಲ್ಲ ಆಮೇಲೆ ಕಚೇರಿಯಿಂದಲೇ ಆಗುತ್ತವೆ.

ಬೀಗದ ಕೈ ಯಾರಲ್ಲಿರಬೇಕು? ಗುಂಡಿಗಳನ್ನು ಒತ್ತಿಹಿಡಿದು ಯಂತ್ರವನ್ನು ಅಳಿಸಿಬಿಡುವ ಹಿಂಬಾಗಿಲು ಹಲವು ಯಂತ್ರಗಳಲ್ಲಿ ಉಂಟು. ಹಾಗೆ ಅಳಿಸಿದರೂ ಮೊದಲೇ ಗೊತ್ತುಪಡಿಸಿದ ಗೂಗಲ್ ಖಾತೆಯ ಗುಪ್ತಪದ ಕೊಡದೆ ಮುಂದುವರಿಯಲಾಗದಂತೆ ಏರ್ಪಡಿಸಬಹುದು. ಆ ಖಾತೆ ನೌಕರರೊಬ್ಬರ ಸ್ವಂತದ್ದಾಗಿದ್ದು ಅವರು ಕೆಲಸ ಬಿಟ್ಟುಹೋದರೆ ಬೀಗ ನಮಗೇ ಬಿದ್ದಂತೆ. ಖಾತೆ ಸಂಘದ ಹೆಸರಿನಲ್ಲಿರಬೇಕು. ಗುಪ್ತಪದ ಮೊಹರು ಮಾಡಿದ ಲಕೋಟೆಯಲ್ಲಿ, ತಿಜೋರಿಯ ಬೀಗದ ಕೈಯಂತೆಯೇ, ಇಬ್ಬರ ಜವಾಬ್ದಾರಿಯಲ್ಲಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಕಾರ್ಯದರ್ಶಿಯೊಬ್ಬನ ಕೈಯಲ್ಲಿಯೂ ಅದು ಇರಕೂಡದು.

ಕಳೆದುಹೋದ ಯಂತ್ರವನ್ನು ಕಚೇರಿಯಿಂದಲೇ ಅಳಿಸಬಹುದೆಂದು ಮಾರುವವರು ಹೇಳುತ್ತಾರೆ. ನಿಜ, ಆದರೆ ಯಂತ್ರಕ್ಕೆ ಸಿಗ್ನಲ್ ಸಿಕ್ಕ ಮೇಲೆ. ನಮ್ಮ ಕಣಿವೆಗಳಲ್ಲಿ ಅದು ಯಾವಾಗ ಸಿಕ್ಕೀತು ಎಂಬುದು ತಮಗೇ ಗೊತ್ತು. ಅಲ್ಲಿಯವರೆಗೆ ಸದಸ್ಯರ ಹೆಸರು, ಬ್ಯಾಂಕ್ ಖಾತೆಯ ವಿವರಗಳನ್ನು ಕಾಯುವುದು ತೆರೆಯುವಾಗಿನ ಪಿನ್ ಮತ್ತು ಒಳಗಿನ ಗೂಢಲಿಪೀಕರಣ. ಅಳಿಸಿದಾಗ ಕಚೇರಿಗೆ ಇನ್ನೂ ರವಾನೆಯಾಗದ ತೂಕಗಳೂ ಅಳಿಸಿಹೋಗುತ್ತವೆ. ಆದ ಕಾರಣ ಗುಮಾಸ್ತರು ಪ್ರತಿ ಸಂಜೆ ಸಿಗ್ನಲ್ ಇರುವಲ್ಲಿಗೆ ಯಂತ್ರ ಒಯ್ದು, ದಾಖಲೆ ಕಳುಹಿಸಿಯೇ ಮನೆಗೆ ಹೋಗತಕ್ಕದ್ದು.

ಸದಸ್ಯರು ಚೀಲ ಇಳಿಸಿದಾಗ ದಿನಾಂಕ, ದರ್ಜೆ, ತೂಕ ಮುದ್ರಿತವಾದ ಚೀಟಿಯನ್ನು ಕೇಳಿ ಪಡೆದು, ಹಣ ಜಮೆಯಾಗುವವರೆಗೆ ಇಟ್ಟುಕೊಳ್ಳಬೇಕಾಗಿ ವಿನಂತಿ. ಚೀಟಿಯಲ್ಲಿ ದಿನಾಂಕ ತಪ್ಪಿದ್ದಲ್ಲಿ ಚೀಲ ಒಳಹೋಗುವ ಮೊದಲೇ ತಿಳಿಸತಕ್ಕದ್ದು.