ಸಬ್ಬಕ್ಕಿ ಎಷ್ಟು ಬೆಳ್ಳಗಿರಬೇಕು?

ಬೇಸಿಗೆ ಬಂತೆಂದರೆ ನಮ್ಮ ಹಳ್ಳಿಮೈಸೂರಿನ ದಿನಸಿ ಅಂಗಡಿಗಳಲ್ಲಿ ಸಂಡಿಗೆಗೆಂದು ಸಬ್ಬಕ್ಕಿ ಕೇಳುವವರು ಹೆಚ್ಚುತ್ತಾರೆ. ಕೈಗೆ ಸುರಿದುಕೊಂಡು ಮೊದಲು ನೋಡುವುದು ಬಿಳುಪನ್ನು. ಒಂಚೂರು ಮಾಸಲಾಗಿ ಕಂಡರೆ ಹಳೇ ಮಾಲೆಂದು ಬಿಟ್ಟುಬಿಡುತ್ತೇವೆ. ಆ ಬಿಳುಪು ಎಲ್ಲಿಂದ ಬರುತ್ತದೆಂದು ನಾವು ಕೇಳಲೇಬೇಕು.

ನಮ್ಮದು ಆಲೂಗಡ್ಡೆ, ಹೊಗೆಸೊಪ್ಪು, ತೆಂಗಿನ ಸೀಮೆ. ಸಬ್ಬಕ್ಕಿಯಾಗುವ ಮರಗೆಣಸು ತಮಿಳುನಾಡಿನ ಸೇಲಂ, ನಾಮಕ್ಕಲ್ ಕಡೆಯದು. ಎರಡನೇ ಮಹಾಯುದ್ಧದಲ್ಲಿ ಮಲಯಾದ ಸಾಗೋ, ಅಂದರೆ ಸಬ್ಬಕ್ಕಿ, ಬರುವುದು ನಿಂತಾಗ ಸೇಲಂ ಕಡೆ ಬೇರೂರಿದ ಕಸುಬಿದು. 1981ರಲ್ಲಿ ತಯಾರಕರ ಸಹಕಾರ ಸಂಘ ‘ಸಾಗೋಸರ್ವ್’ ಹುಟ್ಟಿತು. 2023ರಲ್ಲಿ ಸೇಲಂ ಸಬ್ಬಕ್ಕಿಗೆ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಸಿಕ್ಕಿತು.

ಗೆಣಸನ್ನು ತೊಳೆದು, ಸಿಪ್ಪೆ ತೆಗೆದು, ತುರಿದು, ನೀರು ಹಾಯಿಸಿ ಜರಡಿ ಹಿಡಿದರೆ ಹಾಲಿನಂಥ ನೀರು ಇಳಿಯುತ್ತದೆ. ಅದನ್ನು ತೊಟ್ಟಿಯಲ್ಲಿ ಗಂಟೆಗಟ್ಟಲೆ ಬಿಟ್ಟರೆ ಹಿಟ್ಟು ತಳಕ್ಕೆ ಕೂರುತ್ತದೆ. ತೊಂದರೆ ಇಲ್ಲೇ. ನಿಂತ ನೀರು ಹುಳಿಯುತ್ತದೆ, ಹಿಟ್ಟು ಬಣ್ಣಗೆಡುತ್ತದೆ. ಕೆಟ್ಟ ಬಣ್ಣವನ್ನು ಮುಚ್ಚಲು ಕೆಲವರು ಬ್ಲೀಚಿಂಗ್ ಪುಡಿ, ಆಮ್ಲಗಳ ಮೊರೆಹೋಗುತ್ತಾರೆ. ಹೊರಬಿಟ್ಟ ನೀರಿನಲ್ಲಿ ಹುಳಿಯಷ್ಟೇ ಅಲ್ಲ, ಸಯನೈಡ್ ಅಂಶವೂ ಇರುತ್ತದೆ. ಗೆಣಸಿನೊಳಗಿನ ಲಿನಮರಿನ್ ಎಂಬ ವಸ್ತು ತುರಿದಾಗ ಒಡೆದು ಅದನ್ನು ಬಿಡುಗಡೆ ಮಾಡುತ್ತದೆ. ತೊಳೆದು ಒಣಗಿಸಿದ ಸಬ್ಬಕ್ಕಿಯಲ್ಲಿ ಅದು ಹೆಚ್ಚುಕಮ್ಮಿ ಉಳಿಯುವುದಿಲ್ಲ, ನಮ್ಮ ಪಾಯಸಕ್ಕೆ ಭಯವಿಲ್ಲ. ಆದರೆ ಆ ನೀರನ್ನು ಹಾಗೇ ಹರಿಯಬಿಟ್ಟರೆ ಕಾರ್ಖಾನೆ ಪಕ್ಕದ ಕೆರೆಯ ಮೀನಿಗೆ, ಬಾವಿಗೆ ಕೇಡು ತಪ್ಪದು.

ಇದಕ್ಕೆ ದಾರಿಯಿದೆ. ಅಗೆದ ಗೆಣಸು ಎರಡು ಮೂರು ದಿನದಲ್ಲೇ ಒಳಗಿಂದ ಕಪ್ಪಾಗುವುದರಿಂದ, ಕಿತ್ತ ಮಾರನೆಯ ದಿನವೇ ಅರೆಯಬೇಕು. ಹೊರಗಿನ ಕಂದು ಸಿಪ್ಪೆಯ ಜೊತೆ ಒಳಸಿಪ್ಪೆಯನ್ನೂ ತೆಗೆದರೆ ಬಣ್ಣ ಅರ್ಧ ಗೆದ್ದಂತೆ. ತೊಟ್ಟಿಯ ಬದಲು ಹಿಟ್ಟನ್ನೂ ನೀರನ್ನೂ ಬೇರ್ಪಡಿಸುವ ತಿರುಗುಯಂತ್ರವಿದ್ದರೆ ಹುಳಿಯಲು ಸಮಯವೇ ಸಿಗುವುದಿಲ್ಲ. ಹಿಟ್ಟಿನಿಂದ ಬೇರೆಯಾದ ನೀರು ಹೊಸ ಗೆಣಸಿನ ಮಣ್ಣು ತೊಳೆಯಲು ಧಾರಾಳ ಸಾಕು. ಹಿಪ್ಪೆಯನ್ನು ಒಣಗಿಸಿದರೆ ದನದ ಮೇವಾಗುತ್ತದೆ.

ಉಳಿದ ಕೊಳಚೆ ನೀರೇ ಇಂಧನ ಎಂಬುದು ನನಗೆ ಎಲ್ಲಕ್ಕಿಂತ ದೊಡ್ಡ ಸಂಗತಿ. ಗಾಳಿಯಾಡದ ತೊಟ್ಟಿಯಲ್ಲಿ ಕೊಳೆಯಿಸಿದರೆ ಗೋಬರ್ ಗ್ಯಾಸ್‌ನಂತೆಯೇ ಅನಿಲ ಬರುತ್ತದೆ. ಥಾಯ್ಲೆಂಡ್‌ನ ಹಿಟ್ಟಿನ ಕಾರ್ಖಾನೆಗಳು ಈ ಅನಿಲದಿಂದಲೇ ಹಿಟ್ಟು ಒಣಗಿಸುತ್ತವೆ, ಕರೆಂಟನ್ನೂ ತಯಾರಿಸುತ್ತವೆ. ಸೇಲಂನ ದೊಡ್ಡ ಘಟಕಗಳಲ್ಲೂ ಇದು ಬಂದಿದೆ. ಸಣ್ಣವರಿಗೆ ಬಂಡವಾಳದ ಕಷ್ಟ. ಅವರಿಗೆ ನೆರೆಹೊರೆಯ ಘಟಕಗಳೆಲ್ಲ ಸೇರಿ ಒಂದೇ ಸ್ಥಾವರ ಕಟ್ಟಿಕೊಳ್ಳಲು ಸರ್ಕಾರ ನೆರವಾಗಬೇಕು.

ಇದು ದೂರದ ಊರಿನ ಗೊಡವೆ ಎನ್ನಲಾಗದು. ಹೊಳೆನರಸೀಪುರ ದಾಟಿದ ನಮ್ಮ ಹೇಮಾವತಿ ಕನ್ನಂಬಾಡಿಯ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರಿ, ಸೇಲಂ ಜಿಲ್ಲೆಯ ಮೆಟ್ಟೂರಿನವರೆಗೂ ಹೋಗುತ್ತಾಳೆ. ಅಂಗಡಿಯವರು ಸಗಟು ವ್ಯಾಪಾರಿಗೆ ಬ್ಲೀಚ್ ಮಾಡದ ಸಬ್ಬಕ್ಕಿ ಬೇಕೆಂದು ಹೇಳಿಕಳಿಸಬಹುದು. ಅದು ತುಸು ಮಾಸಲಾಗಿದ್ದರೂ ಕೊಳ್ಳುವವರು ನಾವಿರಬೇಕು.